ತೂತಿನ ಟ್ರಂಕಿನ ಡಾಕ್ಟರಮ್ಮ

ನಮ್ಮ ಡಾಕ್ಟರಮ್ಮ ಜೀವಮಾನದಲ್ಲಿ ಒಂದು ಮೊಟ್ಟೆ ತಿಂದವರಲ್ಲ. ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ಕೇಕಿಗೆ ಮೊಟ್ಟೆ ಹಾಕಿದ್ದಾರೆಂದು ತಿಳಿದು, ಕೈಯಲ್ಲಿದ್ದ ತುಂಡನ್ನು ಸದ್ದಿಲ್ಲದೆ ಪಕ್ಕದವರ ತಟ್ಟೆಗೆ ಜಾರಿಸಿದ್ದನ್ನು ನಾನೇ ಕಂಡಿದ್ದೇನೆ. ಆದರೆ ನೌಕರಿ ಮಾಡಿದಷ್ಟು ಕಾಲವೂ ಅವರ ಕೈಯಲ್ಲೋ ಚೀಲದಲ್ಲೋ ಮೊಟ್ಟೆ ಇಲ್ಲದ ದಿನವೇ ಇರಲಿಲ್ಲ. ಹೆಬ್ಬಾಳದ ಕಡೆಯ ಒಂದು ಸರ್ಕಾರಿ ಕೇಂದ್ರದಲ್ಲಿ ಕೋಳಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಟ್ಟೆಯ ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಕೂತು ಬರುತ್ತಿದ್ದರು. ಕಂಡಕ್ಟರು ಲಗೇಜು ಅಂತ ತಕರಾರು ತೆಗೆದರೆ, “ಇವು ಇನ್ನೂ ಹುಟ್ಟೇ ಇಲ್ಲ ಕಣಪ್ಪ. ಹುಟ್ಟಿದ ಮೇಲೆ ಅರ್ಧ ಟಿಕೆಟ್ ತಗೋತೀನಿ” ಅನ್ನುತ್ತಿದ್ದರು.

ಕಳೆದ ತಿಂಗಳು ಆರ್.ಟಿ. ನಗರದ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ದೊಡ್ಡದೊಡ್ಡವರು ಡಾಕ್ಟರಮ್ಮ ಬರೆದ ಪ್ರಬಂಧಗಳ ಬಗ್ಗೆ ಮಾತಾಡಿದರು. ನನಗೆ ಅದರಲ್ಲಿ ಅರ್ಧ ಅರ್ಥವಾಗಲಿಲ್ಲ. ನನ್ನನ್ನೂ ಎರಡು ಮಾತು ಆಡಿ ಅಂದರು. ಎದ್ದು ನಿಂತವನು ಹಾಗೇ ಕೂತುಬಿಟ್ಟೆ. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ತಗಡಿನ ಕೆಲಸದವನು, ಬರಹಗಾರನಲ್ಲ. ಅಲ್ಲಲ್ಲಿ ಮಾತು ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಅವರ ಹೆಸರು ಬರೆಯುವುದಿಲ್ಲ. ಹೆಸರು ಬಂದ ಕಡೆಯೆಲ್ಲ ಅವರಿಗೆ ಮುಜುಗರವಾಗುತ್ತಿತ್ತು.

ಎಪ್ಪತ್ತರ ದಶಕ ಶುರುವಾಗಿತ್ತಷ್ಟೆ. ಯಶವಂತಪುರದಲ್ಲಿ ನಮ್ಮದು ಟ್ರಂಕು ಮಾಡುವ ಶೆಡ್ಡು. ಅಪ್ಪ ತೀರಿಹೋಗಿದ್ದರು, ಹೆಸರಿಗೆ ಯಜಮಾನ ನಾನು, ನಿಜವಾದ ಯಜಮಾನಿಕೆ ಅಮ್ಮನದು. ಅಮ್ಮ ಸಿಂಗಾಪುರದ ಮಗಳು. ಹಡಗು ನಿಲ್ಲುವ ಸಿಂಗಾಪುರ ಅಲ್ಲ ಸ್ವಾಮಿ, ವಿದ್ಯಾರಣ್ಯಪುರದ ಮಗ್ಗುಲಿನ ಹಳ್ಳಿ. ಒಂದು ದಿನ ಬಿಸಿಲಲ್ಲಿ ಕೊಡೆ ಹಿಡಿದುಕೊಂಡು ದಪ್ಪ ಕನ್ನಡಕದ ಹೆಂಗಸೊಬ್ಬರು ಬಂದು, ಒಂದು ಟ್ರಂಕು ಬೇಕು ಅಂದರು. ಗೋಡೆ ಎರಡು ಪದರ ಇರಬೇಕು, ನಡುವೆ ಮರದ ಹೊಟ್ಟು ತುಂಬಿರಬೇಕು, ಸುತ್ತ ತೂತು ಇರಬೇಕು.

ಅಮ್ಮ ಬಾಯಿ ಮೇಲೆ ಕೈಯಿಟ್ಟಳು. “ತೂತಿನ ಟ್ರಂಕಾ? ಅದ್ರೊಳ್ಗೆ ಏನಿಡ್ತೀರಮ್ಮ? ಸೀರೆ ಇಟ್ರೆ ಇಲಿ ಓಗಲ್ವಾ?”

“ಮೊಟ್ಟೆ ಇಡ್ತೀನಮ್ಮ,” ಅಂದರು ಆಕೆ. “ಮರಿ ಮಾಡೋಕೆ.”

“ಕೋಳಿ ಇಲ್ವಾ ನಿಮ್ಮತ್ರ?”

“ಕೋಳಿ ಬೇಕಾದಷ್ಟಿವೆ. ಕಾವಿಗೆ ಕೂರೋ ಬುದ್ಧಿ ಇರೋವು ಕಡಿಮೆ. ಈಗಿನ ತಳಿಗಳು ಮೊಟ್ಟೆ ಇಟ್ಟು ಎದ್ದು ಹೋಗ್ಬಿಡ್ತವೆ.”

“ಈಗಿನ್ ಸೊಸೇರ್ ತರ,” ಅಂದಳು ಅಮ್ಮ. ನನ್ನ ಹೆಂಡತಿ ಒಳಗೆ ಪಾತ್ರೆ ಕುಕ್ಕಿದ ಸದ್ದು ಬಂತು. ಡಾಕ್ಟರಮ್ಮ ನಕ್ಕರು, ಅಮ್ಮನೂ ನಕ್ಕಳು. ಅವತ್ತು ಶುರುವಾದ ಸ್ನೇಹ.

ಅವರ ಕೇಂದ್ರದಲ್ಲಿ ಆಗಲೇ ಹೊರದೇಶದ ಕಾವುಪೆಟ್ಟಿಗೆ ಇತ್ತು. ಇಂಗ್ಲಿಷಿನಲ್ಲಿ ಇನ್‌ಕ್ಯುಬೇಟರ್ ಅನ್ನುತ್ತಾರೆ. ಬೀರುವಿನ ಹಾಗೆ ಎತ್ತರ, ಒಳಗೆ ಟ್ರೇಗಳು, ಬಿಸಿಗೆ ಕಾಯಿಲ್ಲು, ಗಾಳಿಗೆ ಫ್ಯಾನು. ಚೆನ್ನಾಗಿಯೇ ಇತ್ತು, ಕೆಟ್ಟಾಗ ಮಾತ್ರ ತಾಪತ್ರಯ. ಒಂದು ಸಣ್ಣ ಬಿಡಿಭಾಗ ಹೋದರೆ ಪರ್ಮಿಟ್ಟಿಗೆ ಅರ್ಜಿ ಹಾಕಿ, ಅದು ಹಡಗಿನಲ್ಲಿ ಬರುವಷ್ಟರಲ್ಲಿ ಆ ವರ್ಷದ ಮರಿಯ ಕಾಲವೇ ಮುಗಿದಿರುತ್ತಿತ್ತು. ಯಲಹಂಕ, ಪುಟ್ಟೇನಹಳ್ಳಿ ಕಡೆಯಿಂದ ಮರಿಗೆಂದು ಬುಟ್ಟಿ ಹಿಡಿದು ಬಂದ ಕೋಳಿ ಸಾಕುವವರು ಬರಿಗೈಲಿ ಹೋಗುತ್ತಿದ್ದರು. ಅದನ್ನು ನೋಡಿ ನೋಡಿ ಡಾಕ್ಟರಮ್ಮನಿಗೆ ರೋಸಿಹೋಗಿತ್ತು. “ನಮ್ಮ ಕೋಳಿ, ನಮ್ಮ ಮೊಟ್ಟೆ, ನಮ್ಮ ಸೆಕೆ. ಪೆಟ್ಟಿಗೆ ಮಾತ್ರ ಅವರದು. ತಗಡು ಬಡಿಯೋರು ಇಡೀ ದೇಶದಲ್ಲಿ ಇಲ್ವಾ?” ಅನ್ನುವುದು ಅವರ ಪ್ರಶ್ನೆ. ಆ ಪ್ರಶ್ನೆ ಹಿಡಿದುಕೊಂಡೇ ನಮ್ಮ ಬೀದಿಗೆ ಬಂದದ್ದು.

ತೂತಿನ ಟ್ರಂಕಿನಲ್ಲಿ ಮರಿ ಆಯಿತೇ ಅಂದರೆ, ಆಯಿತು. ಒಂದೇ ಒಂದು. ಅದೂ ಕಾಲು ಸೊಟ್ಟ. ನಾನು ನಾಚಿಕೆಯಿಂದ ತಲೆ ಬಗ್ಗಿಸಿದೆ. ಅವರು ಆ ಮರಿಯನ್ನು ಅಂಗೈ ಮೇಲೆ ಇಟ್ಟುಕೊಂಡು, “ಆಗುತ್ತೆ ಅಂತ ಗೊತ್ತಾಯ್ತಲ್ಲ ಕಣ್ರೀ, ಇನ್ನೇನು ಬೇಕು?” ಅಂದರು.

ಅಲ್ಲಿಂದ ಮುಂದೆ ಅವರದೇ ಒಂದು ಪದ್ಧತಿ ಶುರುವಾಯಿತು. ಗುರುವಾರ ಅವರು ನಮ್ಮ ಶೆಡ್ಡಿಗೆ ಬರಬೇಕು, ಶನಿವಾರ ನಾನು ಅವರ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ನನಗೆ ಕೊಟ್ಟ ಮೊದಲ ಕೆಲಸ ಏನು ಗೊತ್ತೇ? ಕಾವಿಗೆ ಕೂತ ನಾಟಿ ಕೋಳಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದು. ವ್ಯಾಪಾರ ಬಿಟ್ಟು ಬಂದ ಗಂಡಸು ಕೋಳಿಯ ಮುಖ ನೋಡುತ್ತ ಕೂರಬೇಕು! ನನಗೆ ತಲೆಕೆಟ್ಟುಹೋಯಿತು. “ಡಾಕ್ಟರಮ್ಮ, ಅಳತೆ ಹೇಳಿ, ಮಾಡ್ಕೊಡ್ತೀನಿ. ಇದೇನ್ ತಮಾಷೆ?” ಎಂದು ರೇಗಿದೆ.

“ಅಳತೆ ನನಗೂ ಗೊತ್ತಿಲ್ಲ ಕಣ್ರೀ. ಗೊತ್ತಿಲ್ಲ ಅಂತ ಹೇಳೋದಕ್ಕೇ ಸರ್ಕಾರ ನನಗೆ ಸಂಬಳ ಕೊಡೋದು. ಗೊತ್ತಿರೋಳು ಅವಳೊಬ್ಬಳೇ. ನೋಡಿ,” ಎಂದು ಕೋಳಿಯ ಕಡೆ ಬೆರಳು ತೋರಿಸಿ ಹೋದರು.

ನೋಡಿದೆ. ಅದು ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತಿತ್ತು. ಅಂಚಿನದನ್ನು ನಡುವಿಗೆ ಎಳೆದುಕೊಂಡು ನಡುವಿನದನ್ನು ಅಂಚಿಗೆ ತಳ್ಳುತ್ತಿತ್ತು. ದಿನಕ್ಕೊಮ್ಮೆ ಎದ್ದು ಹೋಗಿ ಕಾಳು ತಿಂದು, ಮಣ್ಣು ಕೆದರಿ, ಆರಾಮಾಗಿ ವಾಪಸು ಬರುತ್ತಿತ್ತು. ಮೊಟ್ಟೆಗಳು ಅಷ್ಟು ಹೊತ್ತು ಗಾಳಿಗೆ ಬಿದ್ದಿರುತ್ತಿದ್ದವು, ಏನೂ ಆಗುತ್ತಿರಲಿಲ್ಲ. ಸೋಮವಾರ ಶೆಡ್ಡಿಗೆ ಬಂದು ನಾನೇ ಟ್ರೇ ಓರೆಯಾಗುವ ಹಾಗೆ ಕೀಲು ಹಾಕಿದೆ. ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮಿಬ್ಬರಿಗೆ ಜಗಳ ಆಗುತ್ತಿತ್ತು, ಜೋರಾಗೇ ಆಗುತ್ತಿತ್ತು. ನಾನು ಗಾಳಿಕಿಂಡಿ ಮೇಲಿರಲಿ ಅಂದರೆ ಅವರು ಕೆಳಗಿರಲಿ ಅನ್ನೋರು. ಖಾದರ್ ಅಂತ ನಮ್ಮ ಎಲೆಕ್ಟ್ರಿಕ್ ಮೇಸ್ತ್ರಿ, ಶಾಂತ ಮನುಷ್ಯ, ನಡುವೆ ನಿಂತು ಇಬ್ಬರಿಗೂ ಟೀ ಕೊಡುತ್ತಿದ್ದ. ಕೊನೆಗೆ ಡಾಕ್ಟರಮ್ಮ ಸೀಮೆಸುಣ್ಣ ಕೆಳಗಿಟ್ಟು, “ಸರಿ, ಕೋಳೀನ ಕೇಳೋಣ” ಅನ್ನುತ್ತಿದ್ದರು. ಅಂದರೆ ಎರಡೂ ತರ ಮಾಡಿ ಮೊಟ್ಟೆ ಇಟ್ಟು ನೋಡೋಣ ಅಂತ. ಎಷ್ಟೋ ಸಲ ಕೋಳಿ ನನ್ನ ಕಡೆ ಹೇಳಿತು, ಎಷ್ಟೋ ಸಲ ಅವರ ಕಡೆ. ಸೋತಾಗ ಅವರು ಒಂದು ದಿನವೂ ಮುಖ ಊದಿಸಿಕೊಂಡಿದ್ದಿಲ್ಲ. ನಾನು ಊದಿಸಿಕೊಂಡಿದ್ದೇನೆ, ಬಿಡಿ.

ಅವರ ಇನ್ನೊಂದು ಅಭ್ಯಾಸ ಹೇಳಬೇಕು. ಮೊಟ್ಟೆಯ ಬಿಸಿ ನೋಡಬೇಕಾದರೆ ಕನ್ನಡಕವನ್ನು ಹಣೆಗೆ ಏರಿಸಿ, ಕಣ್ಣು ಮುಚ್ಚಿ, ಮೊಟ್ಟೆಯನ್ನು ರೆಪ್ಪೆಯ ಮೇಲೆ ಒತ್ತಿಕೊಳ್ಳುತ್ತಿದ್ದರು. ರೆಪ್ಪೆಯ ಚರ್ಮ ತೆಳುವು, ಬಿಸಿ ಬೇಗ ತಿಳಿಯುತ್ತದಂತೆ. ಥರ್ಮಾಮೀಟರ್ ಪಕ್ಕದಲ್ಲೇ ಇದ್ದರೂ ಮೊದಲು ರೆಪ್ಪೆ, ಆಮೇಲೆ ಥರ್ಮಾಮೀಟರ್. ಮೊದಲ ಸಲ ಕಂಡಾಗ ಅಮ್ಮ, ದೇವರಿಗೆ ಕೈಮುಗಿಯುತ್ತಿದ್ದಾರೆ ಅಂದುಕೊಂಡು ತಾನೂ ಮುಗಿದಿದ್ದಳು.

ಹೀಗೆ ಎರಡು ಮೂರು ವರ್ಷ ಹೋಯಿತು. ಟ್ರಂಕಿನ ವ್ಯಾಪಾರ ಬಿದ್ದುಹೋಗುತ್ತಿತ್ತು. ಮದುವೆ ಮನೆಯವರೂ ಸೂಟ್‌ಕೇಸು ಕೇಳುತ್ತಿದ್ದರು. ಕಾವುಪೆಟ್ಟಿಗೆ ಕೈಹಿಡಿಯದಿದ್ದರೆ ಶೆಡ್ಡು ಬಾಡಿಗೆಗೆ ಕೊಟ್ಟು ನಾನು ಇನ್ನೊಬ್ಬರ ಕೈಕೆಳಗೆ ದುಡಿಯಬೇಕಿತ್ತು. ಡಾಕ್ಟರಮ್ಮನ ತಲೆನೋವೇ ಬೇರೆ. ಅವರ ಕೇಂದ್ರದ ಮುಖ್ಯಸ್ಥರಿಗೆ, ಎಲ್ಲರೂ ಸಾಹೇಬರು ಅನ್ನುತ್ತಿದ್ದರು, ಇದು ಸುತಾರಾಂ ಇಷ್ಟವಿರಲಿಲ್ಲ. ಸರ್ಕಾರಿ ವಿಜ್ಞಾನಿಗೆ ಖಾಸಗಿ ಶೆಡ್ಡಿನಲ್ಲಿ ಏನು ಕೆಲಸ? ಕಾಲವೂ ಅಂಥದು. ವ್ಯಾಪಾರದವನ ಜೊತೆ ಮಾತಾಡಿದರೆ ಜೇಬು ತುಂಬಿತು ಅನ್ನುತ್ತಿದ್ದ ಕಾಲ. ಡಾಕ್ಟರಮ್ಮನ ಮನೆ ತುಂಬ ಪುಕ್ಕಟೆ ಟ್ರಂಕುಗಳಿವೆಯಂತೆ ಎಂದು ಅಲ್ಲಿನ ಕ್ಯಾಂಟೀನಿನಲ್ಲಿ ಆಡಿಕೊಂಡಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ಉರಿದುಬಿದ್ದರೆ ಅವರು, “ಬಂದು ನೋಡ್ಲಿ ಬಿಡ್ರೀ. ಇರೋ ಒಂದು ಟ್ರಂಕೂ ತೂತು” ಅಂದರು.

ಅಂತೂ ಸಾಹೇಬರು ಒಂದು ಪರೀಕ್ಷೆಗೆ ಒಪ್ಪಿದರು. ಕೇಂದ್ರದ ಒಳ್ಳೆ ತಳಿಯ ಮೊಟ್ಟೆಗಳಲ್ಲಿ ಅರ್ಧ ಹೊರದೇಶದ ಪೆಟ್ಟಿಗೆಯಲ್ಲಿ, ಅರ್ಧ ನಮ್ಮದರಲ್ಲಿ. ಮರಿ ಬರುವ ದಿನ ದಿಲ್ಲಿಯ ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ. ನಮ್ಮದು ಸರಿಸಮ ಬಂದರೆ ಮುಂದಿನ ಯಂತ್ರಗಳನ್ನು ನಮ್ಮಿಂದಲೇ ಮಾಡಿಸಬಹುದು. ಬರದಿದ್ದರೆ ಡಾಕ್ಟರಮ್ಮ ಇನ್ನು ಶೆಡ್ಡುಗಳ ಕಡೆ ಕಾಲಿಡುವ ಹಾಗಿಲ್ಲ. ಅಲ್ಲಿಯವರೆಗೆ ನಮ್ಮ ಪೆಟ್ಟಿಗೆಗೆ ಕೇಂದ್ರದ ಕಾಂಪೌಂಡಿನೊಳಗೆ ಜಾಗ ಕೊಡಲಿಲ್ಲ, ಶೆಡ್ಡಿನಲ್ಲೇ ಇರಲಿ ಅಂದರು. ಡಾಕ್ಟರಮ್ಮ ಅಧಿಕಾರಿ ಬರುವ ದಿನದಿಂದ ಹಿಂದಕ್ಕೆ ಮೂರು ವಾರ ಎಣಿಸಿ ಮೊಟ್ಟೆ ಇಟ್ಟರು. ಬಿಸಿ, ತೇವ, ಟ್ರೇ ಹೊರಳಿಸುವುದು, ಎಲ್ಲವನ್ನೂ ನಮಗೆ ಕಂಠಪಾಠ ಮಾಡಿಸಿದರು. ನಡುವೆ ಯಾವ ಹಬ್ಬ ಬರುತ್ತದೆ ಅಂತ ಅವರೂ ನೋಡಲಿಲ್ಲ, ನಮಗೂ ಹೊಳೆಯಲಿಲ್ಲ.

ಬಂದದ್ದು ಆಯುಧಪೂಜೆ.

ಶೆಡ್ಡಿನವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಹಿಂದಿನ ದಿನವೇ ಎಲ್ಲ ತೊಳೆದು ಬಳಿದಾಗಿತ್ತು. ಬೆಳಿಗ್ಗೆ ನಾನು ಹೂವು, ಬೂದುಗುಂಬಳ ತಂದು ಕೊಟ್ಟು, ಡಾಕ್ಟರಮ್ಮನನ್ನು ಪೂಜೆಗೆ ಕರೆತರಲು ಬಾಡಿಗೆ ವ್ಯಾನು ತೆಗೆದುಕೊಂಡು ಹೆಬ್ಬಾಳಕ್ಕೆ ಹೋದೆ. ಅವರು ರಜೆಯ ದಿನವೂ ಕೋಳಿಮನೆಯಲ್ಲೇ ಇದ್ದರು. ‘ಒಂದ್ನಿಮಿಷ, ಒಂದ್ನಿಮಿಷ’ ಅನ್ನುತ್ತಲೇ ಬಿಸಿಲು ನೆತ್ತಿಗೆ ಬಂತು. ನಾವು ಶೆಡ್ಡಿಗೆ ಬಂದಾಗ ಪೂಜೆ ಮುಗಿದು, ಬಾಗಿಲಲ್ಲಿ ಕುಂಕುಮ ಬಳಿದ ಕುಂಬಳದ ಹೋಳುಗಳು ಬಿದ್ದಿದ್ದವು. ಒಳಗೆ ಗಂಧದ ಪರಿಮಳ. ಕತ್ತರಿ ಯಂತ್ರಕ್ಕೆ, ಬೆಸುಗೆ ಯಂತ್ರಕ್ಕೆ, ನನ್ನ ಸೈಕಲ್ಲಿಗೆ, ಎಲ್ಲಕ್ಕೂ ಚೆಂಡುಹೂವಿನ ಮಾಲೆ. ಎಲ್ಲಕ್ಕಿಂತ ದೊಡ್ಡ ಮಾಲೆ ಕಾವುಪೆಟ್ಟಿಗೆಗೆ. ಅದರ ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ರೂಪಾಯಿ ಅಗಲದ ಕುಂಕುಮ.

ಡಾಕ್ಟರಮ್ಮ ಹೊಸ್ತಿಲಲ್ಲೇ ನಿಂತರು. “ಫ್ಯಾನ್ ಸದ್ದು ಇಲ್ಲ,” ಅಂದರು.

“ನಾನೇ ಆರಿಸ್ದೆ,” ಅಂದಳು ಅಮ್ಮ, ಹೊಸ ಸೀರೆಯಲ್ಲಿ ತಟ್ಟೆ ಹಿಡಿದುಕೊಂಡು, ಸಂತೋಷದಿಂದ. “ವರ್ಸಕ್ಕೊಂದಿನ ಅದುಕ್ಕೂ ರಜಾ ಬ್ಯಾಡ್ವಾ? ಹಗ್ಲೂ ರಾತ್ರಿ ದುಡೀತದೆ ಪಾಪ. ನಾಳೆ ವಿಜಯದಶ್ಮಿಗೆ ಪೂಜೆ ಮಾಡಿ ಅಚ್ಚಾಣ ಅಂತ ಇದ್ದೆ.”

ನಾನು ಖಾದರನ ಕಡೆ ತಿರುಗಿ ಕಿರುಚಿದೆ. ಅವನು ಗೋಡೆಗೆ ಒತ್ತಿಕೊಂಡು ನಿಂತಿದ್ದ. “ಅಮ್ಮ ಪೂಜೆ ಅಂದ್ರು ಅಣ್ಣ. ಪೂಜೆ ವಿಷಯದಲ್ಲಿ ನಾನು ಬಾಯಿ ಹಾಕಿದ್ರೆ ಚೆನ್ನಾಗಿರುತ್ತಾ?” ಅಂದ.

ಡಾಕ್ಟರಮ್ಮ ಆಗಲೇ ಚಪ್ಪಲಿ ಬಿಟ್ಟು ಮಾಲೆ ಸರಿಸಿ ಬಾಗಿಲು ತೆಗೆದಿದ್ದರು. ಮೇಲಿನ ಟ್ರೇಯಿಂದ ಒಂದು ಮೊಟ್ಟೆ, ರೆಪ್ಪೆಗೆ. ಕೆಳಗಿನದರಿಂದ ಒಂದು, ರೆಪ್ಪೆಗೆ. ನಡುವಿನದು. “ಕೆಳಗಿನವು ತಣ್ಣಗಾಗಿವೆ, ಪರವಾಗಿಲ್ಲ,” ಅಂದರು. “ಮೇಲಿನವು ಬೇಯ್ತಿವೆ. ಒಳಗಿರೋ ಮರಿಗಳೇ ಬಿಸಿ ಹುಟ್ಟಿಸ್ತಿವೆ, ಗಾಳಿ ಆಡ್ತಿಲ್ಲ. ಮೇಲಿನ ಟ್ರೇ ಹೊರಗೆ ತೆಗೀರಿ, ಬೀಸಿ, ಬೀಸಿ!”

ಪೂಜೆಯ ಮೊರ, ಹಳೇ ಪೇಪರು, ನನ್ನ ಹೆಂಡತಿಯ ಸೆರಗು, ಸಿಕ್ಕಿದ್ದರಲ್ಲೆಲ್ಲ ಬೀಸಿದೆವು. ಖಾದರ್ ಸ್ವಿಚ್ಚು ಹಾಕಿದ, ಫ್ಯಾನು ತಿರುಗಿತು. ಅಮ್ಮನಿಗೆ ಆಗ ಅರ್ಥವಾಗಿ, ತಟ್ಟೆಯ ಸಮೇತ ನೆಲದ ಮೇಲೆ ಕುಸಿದಳು. “ಅಯ್ಯೋ, ನನ್ ಕೈಯಾರೆ ಮರಿಗಳ್ನ ಕೊಂದ್ನಾ? ಅಬ್ಬದ್ ದಿನ!”

ಆಗ ಡಾಕ್ಟರಮ್ಮ ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಮ್ಮನ ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಆ ತಟ್ಟೆಯಿಂದ ಒಂದು ಹಿಡಿ ಪುರಿ ಕಡಲೆ ತೆಗೆದು ಬಾಯಿಗೆ ಹಾಕಿಕೊಂಡರು. “ಅಮ್ಮ, ಆರಿಸಿದ್ದು ಮಂಗಳಾರತಿಗೆ ಮುಂಚೆನಾ, ಆಮೇಲಾ?” ಎಂದು ಕೇಳಿದರು, ಪಕ್ಕದ ಮನೆಯ ಸುದ್ದಿ ಕೇಳುವ ಹಾಗೆ. ಅಮ್ಮ ಅಳುತ್ತಲೇ, ಗಣಪತಿ ಪೂಜೆ ಆದ ಮೇಲೆ, ಕುಂಬಳಕಾಯಿ ಒಡೆಯೋಕೆ ಮುಂಚೆ ಎಂದಳು. ಅವರು ಒಂದೊಂದನ್ನೇ ಕೇಳಿ ತಿಳಿದುಕೊಂಡರು. ಆಮೇಲೆ ಹೇಳಿದರು: “ಕೋಳೀನೂ ದಿನಾ ಎದ್ದು ಹೋಗುತ್ತೆ ಅಮ್ಮ. ಇದನ್ನ ನಾನು ಯಾವತ್ತೋ ಮಾಡಿ ನೋಡ್ಬೇಕಾಗಿತ್ತು, ಮಾಡಿರ್ಲಿಲ್ಲ. ನೀವು ಮಾಡಿದ್ರಿ. ಕಾಫಿ ಇದೆಯಾ?”

ಅಮ್ಮ ಮೂಗು ಒರೆಸಿಕೊಂಡು ಕಾಫಿಗೆ ಎದ್ದಳು.

ನಾನು ಅವರನ್ನು ಹೊರಗೆ ಕರೆದು ಗುಟ್ಟಾಗಿ ಹೇಳಿದೆ: “ಡಾಕ್ಟರಮ್ಮ, ಕರೆಂಟ್ ಹೋಗಿತ್ತು ಅಂದ್ಬಿಡೋಣ. ಬೆಂಗಳೂರಲ್ಲಿ ಕರೆಂಟ್ ಹೋಯ್ತು ಅಂದ್ರೆ ಯಾರು ಯಾಕೆ ಅಂತ ಕೇಳ್ತಾರೆ?”

ಅವರು ನನ್ನನ್ನೇ ನೋಡಿದರು. ಕಣ್ಣು ಅರಳಿದವು. “ಏನಂದ್ರಿ? ಕರೆಂಟ್ ಹೋದ್ರೆ... ಹೌದಲ್ರೀ! ಹೊರದೇಶದ ಪೆಟ್ಟಿಗೆ ಮಾಡಿದೋರಿಗೆ ಕರೆಂಟ್ ಹೋಗೋದು ಅಂದ್ರೇನು ಅಂತಾನೇ ಗೊತ್ತಿಲ್ಲ. ನಮಗೆ ವಾರಕ್ಕೆ ನಾಲ್ಕು ಸಲ ಹೋಗುತ್ತೆ!” ಅಂದರು. ನನ್ನ ಸುಳ್ಳಿನ ವಿಷಯ ಅವರ ತಲೆಗೆ ಹೋಗಲೇ ಇಲ್ಲ. ಮತ್ತೆ ನೆನಪಿಸಿದೆ. “ಸುಳ್ಳು ಬೇಡ. ನಾನೇ ಸುಳ್ಳು ಹೇಳಿದ್ರೆ ನಾಳೆ ನನಗೇ ಏನೂ ಗೊತ್ತಾಗಲ್ಲ,” ಎಂದು ಒಳಗೆ ಹೋದರು.

ಮರಿಗಳು ಬಂದವು. ಕೆಳಗಿನ ಟ್ರೇಯಲ್ಲಿ ಸ್ವಲ್ಪ ತಡವಾಗಿ, ನಡುವಿನದರಲ್ಲಿ ಚೆನ್ನಾಗಿ. ಮೇಲಿನ ಟ್ರೇ ಬಹುಪಾಲು ಹಾಳಾಗಿತ್ತು. ಹೊರದೇಶದ್ದೇ ಮುಂದು. ಕಾರಿನಲ್ಲಿ ಸಾಹೇಬರೂ ದಿಲ್ಲಿಯವರೂ ಬಂದರು. ಅಮ್ಮ ಶೆಡ್ಡಿನ ಹಿಂದಿನ ಮನೆಯಲ್ಲಿ ಅವರಿಗೆ ಕಾಫಿ ಕಾಸುತ್ತಿದ್ದಳು. ಡಾಕ್ಟರಮ್ಮ ನಡೆದದ್ದನ್ನು, ಯಂತ್ರ ಅರ್ಧ ದಿನ ನಿಂತದ್ದನ್ನು, ಒಂದೂ ಬಿಡದೆ ಹೇಳಿದರು.

“ಯಾರು ಆರಿಸಿದ್ದು?” ಅಂದರು ಸಾಹೇಬರು.

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ, “ತಪ್ಪು ನನ್ನದು ಸಾರ್. ಆಯುಧಪೂಜೆ ದಿನ ಯಂತ್ರ ನಿಲ್ಲಿಸ್ತಾರೆ, ಅದನ್ನ ನಾನು ಮೊದಲೇ ಕೇಳಿ ತಿಳ್ಕೋಬೇಕಾಗಿತ್ತು. ಕೇಳ್ಲಿಲ್ಲ. ಎಚ್ಚರಿಕೆ ಹೇಳೋದು ನನ್ನ ಕೆಲಸ,” ಅಂದರು. ಸಾಹೇಬರ ಮುಖ ಕೆಂಪಾಯಿತು. ದಿಲ್ಲಿಯವರು ಮಾತ್ರ ಬಾಗಿ ಒಳಗೆ ನೋಡಿ, ಕರೆಂಟ್ ಹೋದರೆ ಹೊರದೇಶದ ಯಂತ್ರದಲ್ಲಿ ಹೀಗೇ ಆಗುವುದಿಲ್ಲವೇ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. “ಗೊತ್ತಿಲ್ಲ, ನೋಡಬೇಕು ಸಾರ್” ಅಂದರು ಡಾಕ್ಟರಮ್ಮ, ಹಬ್ಬದ ಉಡುಗೊರೆ ಸಿಕ್ಕ ಮುಖದಲ್ಲಿ. ಇನ್ನೊಂದು ಪರೀಕ್ಷೆಗೆ ಅಪ್ಪಣೆ ಸಿಕ್ಕಿತು.

ಅದರ ಬೆಲೆ ಏನು ಅಂತ ನನಗೆ ತಿಳಿದದ್ದು ಕೆಲವು ತಿಂಗಳಾದ ಮೇಲೆ, ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ. ವಿಭಾಗದ ಮುಖ್ಯಸ್ಥೆಯಾಗಿ ಬಡ್ತಿ ಬರಬೇಕಿತ್ತು ಅವರಿಗೆ, ಸರದಿ ಅವರದೇ. ಕೇಂದ್ರದ ಮೊಟ್ಟೆ ಹಾಳು ಮಾಡಿದರು ಎಂದು ಮೆಮೊ ಕೊಟ್ಟು ಸರದಿಯಿಂದ ಎತ್ತಿಹಾಕಿದ್ದರು. ಅವರಿಗಿಂತ ಕಿರಿಯರೊಬ್ಬರು ಆ ಕುರ್ಚಿಯಲ್ಲಿ ಕೂತಾಗಿತ್ತು. ಕೇಳಿ ನನ್ನ ಮೈ ಉರಿಯಿತು. “ನಮ್ಮಮ್ಮನ ಹೆಸರು ಹೇಳಿದ್ರೆ ಆಗ್ತಿತ್ತಲ್ಲ! ನೀವ್ಯಾಕೆ ಮೈಮೇಲೆ ಎಳ್ಕೊಂಡ್ರಿ?” ಎಂದು ಬಸ್‌ಸ್ಟಾಪಿನಲ್ಲೇ ಕೂಗಾಡಿದೆ. ಅವರಿಗೂ ಬೇಜಾರಾಗಿತ್ತು, ಕಣ್ಣು ಕೆಂಪಗಿತ್ತು. ಇಲ್ಲ ಅನ್ನುವುದಿಲ್ಲ. ಆದರೆ ಹೇಳಿದ್ದು ಒಂದೇ ಮಾತು: “ಅಮ್ಮನಿಗೆ ಹೇಳ್ಬೇಡಿ. ನನ್ನಾಣೆ.” ಬಸ್ಸು ಬಂತು, ಹತ್ತಿ ಹೋದರು.

ಆ ಗುರುವಾರವೂ ಎಂದಿನಂತೆ ಶೆಡ್ಡಿಗೆ ಬಂದರು. ಕರೆಂಟ್ ಹೋದ ತಕ್ಷಣ ಗಾಳಿಕಿಂಡಿ ತಾನಾಗಿ ತೆರೆದುಕೊಳ್ಳಬೇಕು, ಇದು ಪ್ರಶ್ನೆ. ಖಾದರ್ ಮನೆ ಬಾಗಿಲಿನ ಕರೆಗಂಟೆ ಬಿಚ್ಚಿ ಅದರೊಳಗಿನ ಸುರುಳಿ ತೋರಿಸಿದ, ಕರೆಂಟ್ ಇರುವಷ್ಟು ಹೊತ್ತು ಕಬ್ಬಿಣವನ್ನು ಹಿಡಿದುಕೊಂಡಿರುತ್ತದೆ ಎಂದ. ಟ್ರಂಕಿನ ಮುಚ್ಚಳಕ್ಕೆ ಹಾಕುವ ಕೀಲು ನನ್ನ ಹತ್ತಿರ ಬೇಕಾದಷ್ಟಿತ್ತು. ಕಿಂಡಿ ಎಷ್ಟು ತೆರೆಯಬೇಕು, ಎಲ್ಲೆಲ್ಲಿ ತೆರೆಯಬೇಕು ಅಂತ ಡಾಕ್ಟರಮ್ಮ ತಿಂಗಳುಗಟ್ಟಲೆ ಕೋಳಿಯನ್ನು ಕೇಳಿದರು. ಕರೆಂಟ್ ಇದ್ದರೆ ಸುರುಳಿ ಮುಚ್ಚಳ ಹಿಡಿದಿರುತ್ತದೆ, ಹೋದರೆ ಬಿಟ್ಟುಬಿಡುತ್ತದೆ, ಮುಚ್ಚಳ ಟಪ್ಪನೆ ಬಿದ್ದು ಗಾಳಿ ಆಡುತ್ತದೆ. ಇಷ್ಟೇ ವಿಷಯ. ಅವರು ಒಬ್ಬರೇ ಕೂತಿದ್ದರೆ ಹೊಳೆಯುತ್ತಿರಲಿಲ್ಲ, ನಾವಿಬ್ಬರೇ ಆಗಿದ್ದರೆ ಬೇಕು ಅಂತಲೇ ತಿಳಿಯುತ್ತಿರಲಿಲ್ಲ.

ಮುಂದಿನ ಆಯುಧಪೂಜೆಗೆ ಅವರು ಒಂದು ನಿಯಮ ಮಾಡಿದರು. ಪೆಟ್ಟಿಗೆ ತುಂಬ ಮೊಟ್ಟೆ ಇಟ್ಟು, ಪೂಜೆಯ ದಿನ ಅಮ್ಮನೇ ಅದನ್ನು ಆರಿಸಬೇಕು. ಅಮ್ಮ ಅನುಮಾನಿಸಿದಳು. “ನೀವು ಆರಿಸಿ ಅಮ್ಮ, ಪೂಜೆ ಮಾಡಿ. ಯಂತ್ರಕ್ಕೆ ರಜಾ ಕೊಡಿ” ಅಂದರು ಡಾಕ್ಟರಮ್ಮ. ಅಮ್ಮ ಆರಿಸಿದಳು, ಮುಚ್ಚಳಗಳು ಸಾಲಾಗಿ ಬಿದ್ದವು, ಅಮ್ಮ ಬೆಚ್ಚಿ ಆಮೇಲೆ ನಕ್ಕಳು. ಆ ಸಲ ಮೇಲಿನ ಟ್ರೇಯಲ್ಲೂ ಮರಿ ಬಂತು. ಪ್ರತಿ ವರ್ಷ ಹೊಸದಾಗಿ ಮಾಡಿದ ಮಾದರಿಗೆ ಇದೇ ಪರೀಕ್ಷೆ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಆ ಕೇಂದ್ರ ಹೊರಗಿನಿಂದ ಪೆಟ್ಟಿಗೆ ತರಿಸುವುದನ್ನೇ ಬಿಟ್ಟಿತು. ನಮ್ಮ ಪೆಟ್ಟಿಗೆಗಳು ಮೊದಲು ಯಲಹಂಕದ ಕೋಳಿ ಫಾರಮ್ಮುಗಳಿಗೆ, ಆಮೇಲೆ ಲಾರಿಯೇರಿ ಬೇರೆ ರಾಜ್ಯಗಳಿಗೆ ಹೋದವು. ಅದಕ್ಕಿಂತ ದೊಡ್ಡದು, ಅಲ್ಲಿನ ಬೇರೆ ವಿಜ್ಞಾನಿಗಳೂ ನಮ್ಮ ಬೀದಿಗೆ ಬರತೊಡಗಿದರು. ಒಬ್ಬರು ಹಾಲಿನ ಕ್ಯಾನು ತಣ್ಣಗಿಡುವುದಕ್ಕೆ ಏನೋ ಬೇಕೆಂದು ಎದುರು ಶೆಡ್ಡಿಗೆ, ಇನ್ನೊಬ್ಬರು ಬೀಜ ಒಣಗಿಸುವ ಯಂತ್ರಕ್ಕೆ ಮೂಲೆಯ ಲೇತ್ ಅಂಗಡಿಗೆ. ಗುರುವಾರ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಕನ್ನಡಕದವರೇ ಹೆಚ್ಚು. ಆ ಸಾಹೇಬರು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು.

ಎಂಬತ್ತರ ದಶಕದ ನಡುವೆ ಡಾಕ್ಟರಮ್ಮ ನಿವೃತ್ತರಾದರು, ಅದೇ ಹಳೆಯ ಹುದ್ದೆಯಿಂದ. ಕೇಂದ್ರದ ಸಭಾಂಗಣದಲ್ಲಿ ಬೀಳ್ಕೊಡುಗೆ. ಅಮ್ಮನಿಗೆ ಆಗಲೇ ಮಂಡಿನೋವು, ಆದರೂ ಬಂದೇ ಬರುತ್ತೇನೆಂದು ಹಠ ಹಿಡಿದಳು. ನಾನು, ಖಾದರ್, ಅಮ್ಮ ನಡುವಿನ ಸಾಲಿನಲ್ಲಿ ಕೂತೆವು. ಹೊಸ ಮುಖ್ಯಸ್ಥರು ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಮಾತಾಡಿದರು. “ಒಂದು ಆಯುಧಪೂಜೆ ದಿನ ಪರೀಕ್ಷೆಯ ಯಂತ್ರ ನಿಂತುಹೋಯಿತು. ಮೇಡಮ್ಮು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಬಡ್ತಿ ಹೋಯಿತು. ಆದರೆ ಗುರುವಾರದ ಭೇಟಿ ನಿಲ್ಲಲಿಲ್ಲ,” ಅಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಅಮ್ಮನ ಕಡೆ ನೋಡಿದೆ. ಅವಳು ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಎದ್ದಳು.

“ಸ್ವಾಮಿ,” ಅಂದಳು. ಮೈಕು ಬೇಡದ ಗಂಟಲು ಅದು. “ಅದುನ್ನ ಆರಿಸಿದ್ದು ನಾನು.”

ಸಭೆ ತಿರುಗಿ ನೋಡಿತು. ನಾನು ಸೆರಗು ಎಳೆದೆ, ಕೊಡವಿಕೊಂಡಳು. “ನಾನು ಆರಿಸಿದ್ದು. ಅವ್ರಿಗೆ ಯಾಕೆ ಸಿಕ್ಸೆ ಕೊಟ್ರಿ? ಕೇಳಿದ್ರೆ ನಾನೇ ಬಂದು ಏಳ್ತಿದ್ನಲ್ಲ!”

“ಅಮ್ಮ, ಕೂತ್ಕೊಳ್ಳಿ,” ಎಂದರು ಡಾಕ್ಟರಮ್ಮ ವೇದಿಕೆಯಿಂದ.

“ಕೂರಕ್ಕಿಲ್ಲ.”

ಡಾಕ್ಟರಮ್ಮ ಕುರ್ಚಿ ಬಿಟ್ಟು ಎದ್ದರು. ಕೊರಳಲ್ಲಿ ಮಾಲೆ ಇದ್ದ ಹಾಗೇ ಮೆಟ್ಟಿಲಿಳಿದು ಬಂದು, ಖಾದರ್ ಬಿಟ್ಟುಕೊಟ್ಟ ಜಾಗದಲ್ಲಿ ಕೂತು, ಅಮ್ಮನನ್ನು ಕೈಹಿಡಿದು ಕೂರಿಸಿದರು.

“ಇಷ್ಟು ವರ್ಸ ನಮ್ಮನೇಲಿ ಕಾಪಿ ಕುಡಿದಿದ್ದೀರಿ,” ಅಂದಳು ಅಮ್ಮ. “ಒಂದ್ ಮಾತು ಏಳ್ಲಿಲ್ಲ.”

“ಅವತ್ತು ನಿಮ್ಮ ಹೆಸರು ಹೇಳಿದ್ರೆ ನಿಮಗೇನೂ ಆಗ್ತಿರ್ಲಿಲ್ಲ ಅಮ್ಮ. ಶೆಡ್ಡಿನೋರ ಕೈಗೆ ಕೊಟ್ರೆ ಹೀಗೇ ಆಗೋದು ಅಂತ ಬರೆದು ಬಾಗಿಲು ಹಾಕ್ಬಿಡ್ತಿದ್ರು. ಆಮೇಲೆ ಇಲ್ಲಿಂದ ಒಬ್ಬರೂ ನಿಮ್ಮ ಬೀದಿಗೆ ಬರೋಕೆ ಆಗ್ತಿರ್ಲಿಲ್ಲ. ನನ್ನ ತಪ್ಪು ಅಂದ್ರೆ ನನ್ನೊಬ್ಬಳಿಗೆ ಬಯ್ದು ಸುಮ್ನಾಗ್ತಾರೆ.”

“ಆಮೇಲಾದ್ರೂ ಏಳ್ಬೋದಿತ್ತು.”

“ಹೇಳಿದ್ರೆ ನೀವು ಮತ್ತೆ ಆ ಸ್ವಿಚ್ಚು ಮುಟ್ತಿದ್ರಾ?” ಅಂದರು ಡಾಕ್ಟರಮ್ಮ. “ನನಗೆ ಪ್ರತಿ ವರ್ಷ ನೀವು ಆರಿಸೋದು ಬೇಕಾಗಿತ್ತು ಅಮ್ಮ. ಹೆದರಿಕೆ ಇಲ್ದೆ ಆರಿಸೋರು ಬೇಕಾಗಿತ್ತು.”

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ತುಂಬಿದ ಸಭೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರಮ್ಮ ಅವಳ ಕೈ ಬಿಡಲಿಲ್ಲ. ವೇದಿಕೆಯ ಮೇಲೆ ಅವರ ಕುರ್ಚಿ ಖಾಲಿ ಇತ್ತು. ಸನ್ಮಾನದ ಶಾಲು ಹಿಡಿದು ನಿಂತಿದ್ದ ಮುಖ್ಯಸ್ಥರು ಸ್ವಲ್ಪ ಹೊತ್ತು ಕಾದರು. ಡಾಕ್ಟರಮ್ಮ ಮೇಲಕ್ಕೆ ಬರುವ ಲಕ್ಷಣ ಕಾಣಲಿಲ್ಲ. ಕೊನೆಗೆ ಶಾಲು, ಹಣ್ಣಿನ ತಟ್ಟೆ ತೆಗೆದುಕೊಂಡು ತಾವೇ ಮೆಟ್ಟಿಲಿಳಿದು, ಕಾಲುಗಳ ನಡುವೆ ದಾರಿ ಮಾಡಿಕೊಂಡು ನಮ್ಮ ಸಾಲಿಗೆ ಬಂದರು. ಶಾಲು ಅಗಲವಾಗಿತ್ತು. ಇಬ್ಬರ ಹೆಗಲಿಗೂ ಸೇರಿಸಿ ಹೊದಿಸಿದರು.